ಹೊಸ ಟಿವಿ, ಹಳೇ ಡಿಸ್ಕ್‌ಗಳು: ಮೂರು ಸಾವಿರದೊಳಗೆ ಯಾವ ಡಿವಿಡಿ ಪ್ಲೇಯರ್ ಕೊಳ್ಳೋಣ?

ಪ್ರಶ್ನೆ: ನಮ್ಮ ಮನೆ ಹನುಮಂತನಗರದಲ್ಲಿ. ಅಮ್ಮನಿಗೆ ಎಪ್ಪತ್ತೆಂಟು ವರ್ಷ. ಮನೆಯಲ್ಲಿದ್ದ ಹಳೆಯ ಡಿವಿಡಿ ಪ್ಲೇಯರ್ ಈಗ ಯಾವ ಡಿಸ್ಕ್ ಹಾಕಿದರೂ ‘ನೋ ಡಿಸ್ಕ್’ ಅನ್ನುತ್ತಿದೆ. ಬೀರುವಿನಲ್ಲಿ ನೂರೈವತ್ತರಷ್ಟು ಡಿಸ್ಕ್‌ಗಳಿವೆ. ರಾಜ್‌ಕುಮಾರ್ ಸಿನಿಮಾಗಳ ವಿಸಿಡಿ, ಡಿವಿಡಿ, ಯಕ್ಷಗಾನ, ಹರಿಕಥೆ, ಜೊತೆಗೆ ನಮ್ಮ ಮದುವೆ ಮತ್ತು ಮಗನ ನಾಮಕರಣದ ಡಿಸ್ಕ್‌ಗಳು. ದೀಪಾವಳಿಗೆ 43 ಇಂಚಿನ ಸ್ಮಾರ್ಟ್ ಟಿವಿ ತಂದೆವು. ಅದರ ಹಿಂದೆ ಹಳದಿ, ಕೆಂಪು, ಬಿಳಿ ಪಿನ್ ಹಾಕುವ ಜಾಗವೇ ಇಲ್ಲ. ಮೂರು ಸಾವಿರದೊಳಗೆ ಯಾವ ಪ್ಲೇಯರ್ ಒಳ್ಳೆಯದು? ಕಂಪ್ಯೂಟರ್‌ಗೆ ಹಾಕುವ ಡಿವಿಡಿ ಡ್ರೈವನ್ನೇ ಟಿವಿಯ ಯುಎಸ್‌ಬಿಗೆ ಸಿಕ್ಕಿಸಿದರೆ ಆಗುವುದಿಲ್ಲವೇ? ‘ಎಲ್ಲಾ ಯೂಟ್ಯೂಬ್‌ನಲ್ಲಿ ಸಿಗುತ್ತೆ, ಇದನ್ನೆಲ್ಲ ಗುಜರಿಗೆ ಹಾಕಿ’ ಅಂತ ತಮ್ಮ ಹೇಳುತ್ತಿದ್ದಾನೆ.

ಉತ್ತರ: ತಮ್ಮನ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ದಯವಿಟ್ಟು ಒಂದು ಡಿಸ್ಕನ್ನೂ ಗುಜರಿಗೆ ಹಾಕಬೇಡಿ. ಹಳೆಯ ಕನ್ನಡ ಸಿನಿಮಾಗಳು ಯೂಟ್ಯೂಬ್‌ನಲ್ಲಿ ಸಾಕಷ್ಟು ಇವೆ, ನಿಜ. ಆದರೆ ಇವತ್ತು ಇದ್ದದ್ದು ಹಕ್ಕಿನ ತಕರಾರು ಬಂದರೆ ನಾಳೆ ಇರುವುದಿಲ್ಲ. ಕೆಲವದರಲ್ಲಿ ಹಾಡುಗಳನ್ನು ಕತ್ತರಿಸಿರುತ್ತಾರೆ, ಕೆಲವದರಲ್ಲಿ ಚಾನೆಲ್ಲಿನ ಹೆಸರು ಮುಖದ ಮೇಲೇ ಕೂತಿರುತ್ತದೆ. ಸಣ್ಣ ಮೇಳಗಳ ಯಕ್ಷಗಾನ, ಊರ ದೇವಸ್ಥಾನದಲ್ಲಿ ರೆಕಾರ್ಡ್ ಮಾಡಿದ ಹರಿಕಥೆ ಎಷ್ಟೋ ಬಾರಿ ಆ ಡಿಸ್ಕ್ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ. ಮದುವೆಯ ಡಿಸ್ಕ್ ವಿಷಯವನ್ನಂತೂ ಹೇಳಬೇಕಾಗಿಯೇ ಇಲ್ಲ. ಇನ್ನೊಂದು ಮಾತು: ಡಿಸ್ಕ್ ಹಾಕಿ ಪ್ಲೇ ಒತ್ತುವುದು ನಿಮ್ಮ ಅಮ್ಮನಿಗೆ ಗೊತ್ತಿರುವ ಕೆಲಸ. ಯಾರನ್ನೂ ಕೇಳದೆ ತಮಗೆ ಬೇಕಾದ ಸಿನಿಮಾ ತಾವೇ ಹಾಕಿಕೊಂಡು ನೋಡುವ ಅನುಕೂಲವನ್ನು ಆ ವಯಸ್ಸಿನಲ್ಲಿ ಕಿತ್ತುಕೊಳ್ಳಬಾರದು.

ಈಗ ನಿಮ್ಮ ಪ್ರಶ್ನೆ. ‘ಯಾವ ಕಂಪನಿ’ ಎಂದು ಕೇಳುವ ಮುಂಚೆ ಬೀರುವಿನ ಬಾಗಿಲು ತೆಗೆಯಿರಿ. ಯಾವ ಪ್ಲೇಯರ್ ಬೇಕು ಅನ್ನುವುದನ್ನು ತೀರ್ಮಾನಿಸುವುದು ನಿಮ್ಮ ಡಿಸ್ಕ್‌ಗಳು ಮತ್ತು ನಿಮ್ಮ ಟಿವಿಯ ಬೆನ್ನು. ಡಬ್ಬದ ಮೇಲಿನ ಹೆಸರಿನ ಸರದಿ ಅದಾದ ಮೇಲೆ.

ಡಿಸ್ಕ್‌ಗಳನ್ನು ಮೂರು ಗುಡ್ಡೆ ಮಾಡಿ. ಒಂದು ವಿಸಿಡಿ. ಒಂದೇ ಸಿನಿಮಾ ಎರಡು ಅಥವಾ ಮೂರು ಡಿಸ್ಕ್‌ಗಳಲ್ಲಿದ್ದರೆ ಅದು ವಿಸಿಡಿಯೇ. ಒಂದರಲ್ಲಿ ಹಿಡಿಸುವುದು ಎಪ್ಪತ್ತೈದು, ಎಂಬತ್ತು ನಿಮಿಷ ಮಾತ್ರ. ಇಂಟರ್ವಲ್ ಆಯಿತೆಂದರೆ ಎದ್ದು ಹೋಗಿ ಡಿಸ್ಕ್ ಬದಲಿಸುತ್ತಿದ್ದೆವಲ್ಲ, ಅದು. ಎರಡನೆಯದು ಕಂಪನಿಯವರೇ ಅಚ್ಚು ಹಾಕಿದ ಡಿವಿಡಿ. ಅದರ ತಳ ಬೆಳ್ಳಗೆ ಹೊಳೆಯುತ್ತದೆ. ಎರಡು ಪದರದ್ದಾದರೆ ಸ್ವಲ್ಪ ಚಿನ್ನದ ಛಾಯೆ ಇರುತ್ತದೆ. ಮೂರನೆಯದು ಸ್ಟುಡಿಯೋದವರೋ ನೀವೋ ಕಂಪ್ಯೂಟರಿನಲ್ಲಿ ರೈಟ್ ಮಾಡಿದ್ದು. ತಿರುಗಿಸಿ ನೋಡಿದರೆ ತಳ ನೇರಳೆ ಅಥವಾ ಹಸಿರು-ನೀಲಿ ಕಾಣುತ್ತದೆ. ಮದುವೆ, ನಾಮಕರಣದ ಡಿಸ್ಕ್‌ಗಳೆಲ್ಲ ಈ ಗುಡ್ಡೆಗೆ ಬೀಳುತ್ತವೆ. ಈ ಮೂರನೇ ಗುಡ್ಡೆಯನ್ನು ಪ್ರತ್ಯೇಕವಾಗಿ ಎತ್ತಿಡಿ, ಅದರ ವಿಷಯ ಕೊನೆಗೆ ಹೇಳುತ್ತೇನೆ.

ಈ ವಿಂಗಡಣೆ ಯಾಕೆ ಬೇಕು ಅಂದರೆ, ವಿಸಿಡಿ ಮತ್ತು ಡಿವಿಡಿಗಳನ್ನು ಪ್ಲೇಯರ್ ಓದುವುದು ಎರಡು ಬೇರೆ ಬೇರೆ ಲೇಸರ್‌ಗಳಿಂದ. ಸಿಡಿ, ವಿಸಿಡಿಗೆ 780 ನ್ಯಾನೋಮೀಟರಿನದು, ಡಿವಿಡಿಗೆ 650 ನ್ಯಾನೋಮೀಟರಿನ ಕೆಂಪು ಬೆಳಕು. ಎರಡೂ ಒಂದೇ ಲೆನ್ಸಿನ ಹಿಂದೆ ಕೂತಿರುತ್ತವೆ. ಚಿತ್ರದ ಗುಣಮಟ್ಟದಲ್ಲೂ ಅಂತರ ದೊಡ್ಡದು. 1993ರಲ್ಲಿ ರೂಪುಗೊಂಡ ವಿಸಿಡಿಯಲ್ಲಿ ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನ ಚಿತ್ರಕ್ಕೆ ಅಡ್ಡ 352, ಉದ್ದ 288 ಚುಕ್ಕಿಗಳು. 1996ರ ಕೊನೆಗೆ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಡಿವಿಡಿಯಲ್ಲಿ 720 ಮತ್ತು 576, ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು. ಹಳೆಯ 21 ಇಂಚಿನ ಟಿವಿಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಹೊಡೆಯುತ್ತಿರಲಿಲ್ಲ. ನಿಮ್ಮ 43 ಇಂಚಿನಲ್ಲಿ ವಿಸಿಡಿ ಖಂಡಿತ ಮಸುಕಾಗಿ, ಚೌಕ ಚೌಕವಾಗಿ ಕಾಣುತ್ತದೆ. ಎಷ್ಟು ದುಡ್ಡಿನ ಪ್ಲೇಯರ್ ತಂದರೂ ಅದು ಸರಿಹೋಗುವುದಿಲ್ಲ. ಒಂದೆರಡು ಅಡಿ ಹಿಂದೆ ಸರಿದು ಕೂರುವುದೇ ಅದಕ್ಕಿರುವ ಮದ್ದು.

ಒಂದು ಕಾಲಕ್ಕೆ ಡಿಸ್ಕ್‌ಗಳು ಎಷ್ಟು ಅಗ್ಗವಾಗಿದ್ದವೆಂದರೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರುತ್ತಿತ್ತು. ನಿಮ್ಮ ಬೀರುವಿನಲ್ಲೂ ಅವು ಕೆಲವಾದರೂ ಇರುತ್ತವೆ. ಆ ಕಂಪನಿಯೇ 2018ರಲ್ಲಿ ಮುಚ್ಚುವ ಪ್ರಕ್ರಿಯೆಗೆ ಹೋಯಿತು. ದೊಡ್ಡ ಕಂಪನಿಗಳೂ ಈ ಕಡೆಯಿಂದ ಒಂದೊಂದಾಗಿ ಕೈ ತೆಗೆಯುತ್ತಿವೆ. ಸ್ಯಾಮ್‌ಸಂಗ್ 2019ರಲ್ಲೇ ಅಮೆರಿಕದ ಮಾರುಕಟ್ಟೆಗೆ ಬ್ಲೂ-ರೇ, ಅಂದರೆ ಡಿವಿಡಿಯ ನಂತರ ಬಂದ ಡಿಸ್ಕಿನ, ಹೊಸ ಪ್ಲೇಯರ್ ತರುವುದನ್ನು ನಿಲ್ಲಿಸಿತು. ಹಾಗಾಗಿ ಇವತ್ತು ಅಂಗಡಿಗೆ ಹೋದರೆ ಮಾದರಿಗಳು ಹತ್ತಾರು ಇರುವುದಿಲ್ಲ. ಇರುವುದರಲ್ಲಿ ಸರಿಯಾದದ್ದನ್ನು ಗುರುತಿಸಲು ಬರಬೇಕು.

ಟಿವಿಯ ಹಿಂಭಾಗಕ್ಕೆ ಬರೋಣ. ಎಚ್‌ಡಿಎಂಐ ಪೋರ್ಟ್ ಎರಡೋ ಮೂರೋ ಇರುತ್ತದೆ. ಒಂದರಲ್ಲಿ ಸೆಟ್‌ಟಾಪ್ ಬಾಕ್ಸ್ ಇದ್ದರೂ ಇನ್ನೊಂದು ಖಾಲಿ ಇರಬೇಕು, ನೋಡಿಕೊಳ್ಳಿ. ಹಳದಿ-ಕೆಂಪು-ಬಿಳಿ ಇಲ್ಲ ಎಂದಿರಿ. ಇಯರ್‌ಫೋನ್ ಹಾಕುವಂಥ ಸಣ್ಣದೊಂದು ರಂಧ್ರದ ಪಕ್ಕದಲ್ಲಿ ‘ಎವಿ ಇನ್’ ಅಂತ ಬರೆದಿದೆಯೇ ಇನ್ನೊಮ್ಮೆ ನೋಡಿ. ಈಗಿನ ಹಲವು ಟಿವಿಗಳಲ್ಲಿ ಮೂರೂ ಪಿನ್‌ಗಳ ಕೆಲಸವನ್ನು ಆ ಒಂದೇ ರಂಧ್ರ ಮಾಡುತ್ತದೆ. ಅದಕ್ಕೊಂದು ಚಿಕ್ಕ ಕೇಬಲ್ ಟಿವಿ ಡಬ್ಬದಲ್ಲೇ ಬಂದಿರುತ್ತದೆ. ನಾವು ಅದನ್ನು ಥರ್ಮೋಕೋಲಿನ ಜೊತೆಗೇ ಎಸೆದಿರುತ್ತೇವೆ. ಅಂಗಡಿಯಲ್ಲಿ ಬೇರೆ ತರುವುದಾದರೆ ನಿಮ್ಮ ಟಿವಿಯ ಮಾದರಿ ಹೇಳಿ ತನ್ನಿ. ನೋಡಲು ಒಂದೇ ಥರ ಇದ್ದರೂ ಒಳಗಿನ ವೈರುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ತಪ್ಪು ಕೇಬಲ್ ಹಾಕಿದರೆ ಚಿತ್ರದ ಬದಲು ಬರೀ ಗೊರಗೊರ ಸದ್ದು ಬರುತ್ತದೆ.

ಇಷ್ಟೆಲ್ಲ ತಾಪತ್ರಯ ಬೇಡ ಎಂದರೆ ಪ್ಲೇಯರಿನಲ್ಲೇ ಎಚ್‌ಡಿಎಂಐ ಇರಬೇಕು. ನಿಮ್ಮ ವಿಷಯದಲ್ಲಿ ಇದು ನನ್ನ ಮೊದಲನೇ ಷರತ್ತು. ಒಂದೇ ಕೇಬಲ್ಲಿನಲ್ಲಿ ಚಿತ್ರವೂ ಶಬ್ದವೂ ಹೋಗುತ್ತದೆ. ಹಳದಿ ಪಿನ್ನಿನಲ್ಲಿ ಬಣ್ಣವನ್ನೂ ಬೆಳಕನ್ನೂ ಒಂದೇ ತಂತಿಯಲ್ಲಿ ಕಲಸಿ ಕಳಿಸುತ್ತಾರೆ. ಆದ್ದರಿಂದಲೇ ಕೆಂಪು ಸೀರೆಯ ಅಂಚು ಸೋರಿದಂತೆ, ಟೈಟಲ್ ಕಾರ್ಡಿನ ಅಕ್ಷರಗಳ ಸುತ್ತ ಬಣ್ಣ ನಡುಗಿದಂತೆ ಕಾಣುವುದು. ಎಚ್‌ಡಿಎಂಐಯಲ್ಲಿ ಆ ದೋಷ ಇರುವುದಿಲ್ಲ. ಅದೇ ಡಿಸ್ಕ್, ಅದೇ ಟಿವಿ, ಕೇಬಲ್ ಒಂದು ಬದಲಾದರೆ ಸಾಕು, ವ್ಯತ್ಯಾಸ ಅಮ್ಮನ ಕಣ್ಣಿಗೂ ಕಾಣುತ್ತದೆ.

ಎಚ್‌ಡಿಎಂಐ ಇಲ್ಲದ ಪ್ಲೇಯರನ್ನೇ ಬಳಸಬೇಕಾಗಿ ಬಂದರೆ ಕೆಲವು ನೂರು ರೂಪಾಯಿಗೆ ಕನ್ವರ್ಟರ್ ಡಬ್ಬಿ ಸಿಗುತ್ತದೆ. ಇದನ್ನು ಕೊಳ್ಳುವಾಗ ತುಂಬಾ ಜನ ಮೋಸ ಹೋಗುತ್ತಾರೆ. ನಿಮಗೆ ಬೇಕಾದದ್ದು ‘ಎವಿ ಟು ಎಚ್‌ಡಿಎಂಐ’. ಪಕ್ಕದಲ್ಲೇ, ಅದೇ ಬಣ್ಣದ, ಅದೇ ಗಾತ್ರದ ‘ಎಚ್‌ಡಿಎಂಐ ಟು ಎವಿ’ ಇರುತ್ತದೆ. ಅದು ಉಲ್ಟಾ ಕೆಲಸದ್ದು, ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಡಬ್ಬಿಯ ಮೇಲಿನ ಬಾಣದ ಗುರುತು ನೋಡಿ ತನ್ನಿ. ಅದಕ್ಕೆ 5 ವೋಲ್ಟ್ ಕರೆಂಟು ಬೇಕು. ಟಿವಿಯ ಯುಎಸ್‌ಬಿಯಿಂದಲೋ ಮೊಬೈಲ್ ಚಾರ್ಜರಿನಿಂದಲೋ ಕೊಡಬಹುದು.

ಅಂಗಡಿಯಲ್ಲಿ ಡಬ್ಬದ ಮೇಲೆ ಏನೇನು ಬರೆದಿರುತ್ತದೋ ಅದರಲ್ಲಿ ಮುಕ್ಕಾಲು ಪಾಲಿಗೆ ತಲೆ ಕೆಡಿಸಿಕೊಳ್ಳಬೇಡಿ. ಮುನ್ನೂರು ಆಟಗಳು, ಕ್ಯಾರಿಯೋಕೆ, ಎರಡು ಮೈಕು, ಇವು ಯಾವುದೂ ನಿಮಗೆ ಬೇಡ. ‘5.1’ ಎಂಬ ಅಕ್ಷರ ನೋಡಿ ಹೆಚ್ಚು ಹಣ ಕೊಡಬೇಡಿ. ಮನೆಯಲ್ಲಿ ಆರು ಸ್ಪೀಕರಿನ ಹೋಂ ಥಿಯೇಟರ್ ಇಲ್ಲದಿದ್ದರೆ ಶಬ್ದ ಕೊನೆಗೆ ಬರುವುದು ಟಿವಿಯ ಎರಡು ಸ್ಪೀಕರುಗಳಿಂದಲೇ. ‘ಫುಲ್ ಎಚ್‌ಡಿ 1080ಪಿ ಅಪ್‌ಸ್ಕೇಲಿಂಗ್’ ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರೆ. ಅದರ ಲೆಕ್ಕ ಸುಲಭ. ಡಿವಿಡಿಯ ಒಂದು ಚಿತ್ರದಲ್ಲಿರುವುದು 4,14,720 ಚುಕ್ಕಿ. ಫುಲ್ ಎಚ್‌ಡಿ ಪರದೆಯಲ್ಲಿ 20,73,600, ಸರಿಯಾಗಿ ಐದು ಪಟ್ಟು. ನಿಮ್ಮದು 4ಕೆ ಟಿವಿಯಾದರೆ ಇಪ್ಪತ್ತು ಪಟ್ಟು. ಡಿಸ್ಕಿನಲ್ಲಿರುವ ಒಂದು ಚುಕ್ಕಿಯ ಪಕ್ಕದಲ್ಲಿ ಉಳಿದ ಚುಕ್ಕಿಗಳನ್ನು ಅಂದಾಜಿನಲ್ಲಿ ತುಂಬುವ ಕೆಲಸಕ್ಕೆ ಅಪ್‌ಸ್ಕೇಲಿಂಗ್ ಎಂದು ಹೆಸರು. ಪ್ಲೇಯರ್ ಮಾಡದಿದ್ದರೆ ಟಿವಿ ಅದನ್ನು ಹೇಗೂ ಮಾಡುತ್ತದೆ, ಅನೇಕ ಸಲ ಅಗ್ಗದ ಪ್ಲೇಯರಿಗಿಂತ ಚೆನ್ನಾಗಿಯೇ ಮಾಡುತ್ತದೆ. ಎಚ್‌ಡಿಎಂಐ ಇರುವ ಪ್ಲೇಯರಿನಲ್ಲಿ ಇದು ತಾನಾಗಿ ಬಂದಿರುತ್ತದೆ. ಇದಕ್ಕೆಂದೇ ಐನೂರು ರೂಪಾಯಿ ಜಾಸ್ತಿ ಕೇಳಿದರೆ ಕೊಡಬೇಡಿ.

ನೋಡಲೇಬೇಕಾದದ್ದು ಮೂರ್ನಾಲ್ಕೇ ಸಂಗತಿ. ‘ವಿಸಿಡಿ’ ಅಥವಾ ‘ವಿಡಿಯೋ ಸಿಡಿ’ ಎಂದು ಸ್ಪಷ್ಟವಾಗಿ ಬರೆದಿರಬೇಕು. ನಿಮ್ಮ ಬೀರುವಿನ ಅರ್ಧಭಾಗ ಇದರ ಮೇಲೆ ನಿಂತಿದೆ. ಎಷ್ಟೋ ಬ್ಲೂ-ರೇ ಪ್ಲೇಯರುಗಳು ಡಿವಿಡಿಯನ್ನು ಚೆನ್ನಾಗಿ ಓದುತ್ತವೆ, ವಿಸಿಡಿ ಹಾಕಿದರೆ ಮಾತ್ರ ಉಗುಳಿಬಿಡುತ್ತವೆ. ಯಾರಾದರೂ ‘ಬ್ಲೂ-ರೇನೇ ತಗೊಳ್ಳಿ ಸರ್, ಎಲ್ಲಾ ಓಡುತ್ತೆ’ ಅಂದರೆ ಬಾಯಿಮಾತಿಗೆ ಒಪ್ಪಬೇಡಿ, ಒಂದು ವಿಸಿಡಿ ಕೊಟ್ಟು ಓಡಿಸಿ ತೋರಿಸಿ ಎನ್ನಿ. ರೈಟ್ ಮಾಡುವ ಡಿಸ್ಕಿನ ಎರಡು ಬಗೆಗಳಾದ ಡಿವಿಡಿ-ಆರ್ ಮತ್ತು ಡಿವಿಡಿ+ಆರ್ ಎರಡನ್ನೂ ಓದಬೇಕು, ಸ್ಟುಡಿಯೋದವರು ಎರಡನ್ನೂ ಬಳಸಿರುತ್ತಾರೆ. ಪಾಲ್ ಮತ್ತು ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಎರಡೂ ಇರಬೇಕು. ನಮ್ಮ ದೇಶದ ಪದ್ಧತಿ ಪಾಲ್ ಆದರೂ ಹೊರದೇಶದಲ್ಲಿರುವ ನಮ್ಮವರಿಗೂ ಮಾರಲೆಂದು ಬಹಳಷ್ಟು ಭಾರತೀಯ ಸಿನಿಮಾಗಳ ಡಿವಿಡಿಗಳನ್ನು ಎನ್‌ಟಿಎಸ್‌ಸಿಯಲ್ಲಿ ತಯಾರಿಸಿದ್ದಾರೆ. ರೀಜನ್ ಕೋಡಿನ ವಿಷಯವೂ ಇದೆ: ಡಿವಿಡಿಯವರು ಭೂಮಿಯನ್ನು ವಲಯಗಳಾಗಿ ಹಂಚಿದಾಗ ಭಾರತ 5ನೇ ವಲಯಕ್ಕೆ ಬಿತ್ತು, ಅಮೆರಿಕ 1ಕ್ಕೆ. ನಮ್ಮ ಸಿನಿಮಾ ಡಿಸ್ಕ್‌ಗಳಲ್ಲಿ ಹೆಚ್ಚಿನವು ಎಲ್ಲ ವಲಯದಲ್ಲೂ ಓಡುವಂಥವು, ಚಿಂತೆಯಿಲ್ಲ. ಅಮೆರಿಕದಲ್ಲಿರುವ ಬಂಧುಗಳು ಮೊಮ್ಮಗನಿಗೆಂದು ತಂದುಕೊಟ್ಟ ಕಾರ್ಟೂನ್ ಡಿವಿಡಿ ಇದ್ದರೆ ಮಾತ್ರ ‘ಮಲ್ಟಿ ರೀಜನ್’ ಇದೆಯೇ ಎಂದು ಕೇಳಿ.

ಬೆಂಗಳೂರಿನಲ್ಲಿ ಎಲ್ಲಿ ಹುಡುಕುವುದು? ದೊಡ್ಡ ಶೋರೂಮುಗಳಲ್ಲಿ ಈಗ ಡಿವಿಡಿ ಪ್ಲೇಯರ್ ಇಡುವುದು ಕಡಿಮೆಯಾಗಿದೆ. ಸದರ್ ಪತ್ರಪ್ಪ ರಸ್ತೆ, ಅಂದರೆ ನಮ್ಮ ಎಸ್‌ಪಿ ರೋಡ್, ಮತ್ತು ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ ಕಡೆ ವಿಚಾರಿಸಿ. ನೀವಿರುವ ಹನುಮಂತನಗರದಿಂದ ಬಸ್ಸಿನಲ್ಲಿ ಮಾರ್ಕೆಟ್ಟಿಗೆ ಬಂದು ಅಲ್ಲಿಂದ ನಡೆದೇ ಎಸ್‌ಪಿ ರೋಡಿಗೆ ಹೋಗಬಹುದು. ಎಚ್‌ಡಿಎಂಐ ಇರುವ ಸಾಧಾರಣ ಪ್ಲೇಯರ್ ನಿಮ್ಮ ಮೂರು ಸಾವಿರದೊಳಗೆ ಸಿಗುತ್ತದೆ. ಹೆಸರಾಂತ ಕಂಪನಿಯ ಹಳೇ ಸ್ಟಾಕ್ ಸಿಕ್ಕಿದರೆ ಅದಕ್ಕೆ ನನ್ನ ಮೊದಲ ಓಟು, ಯಾಕೆಂದರೆ ಅವುಗಳ ಓದುವ ಶಕ್ತಿ ಸಾಮಾನ್ಯವಾಗಿ ಗಟ್ಟಿ. ಹೆಸರು ಕೇಳಿರದ ಕಂಪನಿಯದಾದರೂ ಪರವಾಗಿಲ್ಲ, ಎರಡು ಷರತ್ತು ಹಾಕಿ: ಸರಿಯಾದ ಬಿಲ್ ಕೊಡಬೇಕು, ಒಂದು ವಾರದೊಳಗೆ ತೊಂದರೆ ಬಂದರೆ ಬದಲಿಸಿಕೊಡುತ್ತೇವೆಂದು ಆ ಬಿಲ್ಲಿನ ಮೇಲೇ ಬರೆದುಕೊಡಬೇಕು. ಆನ್‌ಲೈನಿನಲ್ಲಿ ನೂರಿನ್ನೂರು ಕಡಿಮೆಗೆ ಸಿಗಬಹುದು. ಆದರೆ ಈ ವಸ್ತುವನ್ನು ಕಣ್ಣೆದುರು ಓಡಿಸಿ ನೋಡದೆ ಕೊಳ್ಳಲು ನಾನು ಹೇಳುವುದಿಲ್ಲ.

ಓಡಿಸಿ ನೋಡುವುದು ಹೇಗೆ ಅನ್ನುವುದೇ ಇಲ್ಲಿ ಬಹಳ ಮುಖ್ಯ. ಅಂಗಡಿಯವರ ಬಳಿ ಗೀರೇ ಬೀಳದ ಡೆಮೊ ಡಿಸ್ಕ್ ಒಂದು ಇರುತ್ತದೆ, ಅದು ಯಾವ ಪ್ಲೇಯರಿನಲ್ಲಾದರೂ ಓಡುತ್ತದೆ. ನಿಮ್ಮ ಚೀಲದಲ್ಲಿ ನಿಮ್ಮದೇ ನಾಲ್ಕು ಡಿಸ್ಕ್ ಇಟ್ಟುಕೊಂಡು ಹೋಗಿ: ಒಂದು ವಿಸಿಡಿ, ಚಿನ್ನದ ಛಾಯೆಯ ಎರಡು ಪದರದ ಡಿವಿಡಿ ಒಂದು, ಸ್ಟುಡಿಯೋದವರು ರೈಟ್ ಮಾಡಿದ್ದರಲ್ಲಿ ಮುಖ್ಯವಲ್ಲದ ಒಂದು, ಚೆನ್ನಾಗಿ ಗೀರು ಬಿದ್ದದ್ದು ಒಂದು. ಮೊದಲು ವಿಸಿಡಿ ಹಾಕಿ. ಟ್ರೇ ಒಳಗೆ ಹೋದ ಮೇಲೆ ಚಿತ್ರ ಬರಲು ಹತ್ತು ಹದಿನೈದು ಸೆಕೆಂಡ್ ಹಿಡಿದರೆ ಸರಿ. ಅರ್ಧ ನಿಮಿಷ ಸುತ್ತುತ್ತಲೇ ಇದ್ದರೆ ಲೆನ್ಸ್ ಕಷ್ಟಪಡುತ್ತಿದೆ ಎಂದರ್ಥ. ಕಿವಿ ಹತ್ತಿರ ಇಟ್ಟು ಕೇಳಿ. ಸಣ್ಣಗೆ ಸುಂಯ್ ಎನ್ನುವುದು ಸಹಜ. ಟಿಕ್ ಟಿಕ್ ಎಂದು ಒಂದೇ ಸಮನೆ ಬಡಿದುಕೊಂಡರೆ ಬೇಡ. ಎರಡು ಪದರದ ಡಿವಿಡಿ ಹಾಕಿ ಸಿನಿಮಾದ ನಡುಭಾಗಕ್ಕೆ ಓಡಿಸಿ. ಎಲ್ಲೋ ಒಂದು ಕಡೆ ಪ್ಲೇಯರ್ ಒಂದು ಪದರ ಮುಗಿಸಿ ಇನ್ನೊಂದಕ್ಕೆ ದಾಟಬೇಕು. ಆಗ ಚಿತ್ರ ಅರೆಗಳಿಗೆ ನಿಂತು ಮುಂದುವರಿದರೆ ಪರವಾಗಿಲ್ಲ, ಅಲ್ಲೇ ಕೂತುಬಿಟ್ಟರೆ ಆ ಪ್ಲೇಯರ್ ಬಿಟ್ಟುಬಿಡಿ. ಆಮೇಲೆ ವಿಸಿಡಿಯನ್ನು ಮತ್ತೆ ಹಾಕಿ ಕೊನೆಯ ಹತ್ತು ನಿಮಿಷಕ್ಕೆ ಹೋಗಿ ನೋಡಿ. ಒಂದು ಪದರದ ಡಿಸ್ಕ್ ಓದುವುದು ಒಳಗಿನ ಸುತ್ತಿನಿಂದ ಹೊರಗಿನ ಅಂಚಿನ ಕಡೆಗೆ. ಅಂಚಿನಲ್ಲಿ ಡಿಸ್ಕ್ ಸ್ವಲ್ಪ ಬಾಗಿರುತ್ತದೆ, ಬೆರಳಿನ ಗುರುತೂ ಅಲ್ಲೇ ಹೆಚ್ಚು. ದುರ್ಬಲ ಪ್ಲೇಯರ್‌ಗಳು ಕ್ಲೈಮ್ಯಾಕ್ಸಿನಲ್ಲೇ ಕೈಕೊಡುವುದು ಈ ಕಾರಣಕ್ಕೆ. ಕೊನೆಗೆ ಗೀರು ಬಿದ್ದ ಡಿಸ್ಕ್. ಎಲ್ಲೋ ಒಂದೆರಡು ಕಡೆ ಚೌಕಗಳು ಮೂಡಿ ಮುಂದೆ ಹೋದರೆ ಅದು ಒಳ್ಳೆಯ ಪ್ಲೇಯರ್.

ರಿಮೋಟನ್ನು ಅಮ್ಮನ ಕಣ್ಣಿನಿಂದ ನೋಡಿ. ಎಷ್ಟೋ ಅಗ್ಗದ ಪ್ಲೇಯರುಗಳಲ್ಲಿ ರಿಮೋಟು ಬಿಸ್ಕೆಟ್ಟಿನಷ್ಟು ತೆಳ್ಳಗಿದ್ದು, ನಲವತ್ತು ಗುಂಡಿಗಳು ಒಂದೇ ಅಳತೆಯಲ್ಲಿರುತ್ತವೆ. ಪ್ಲೇ, ಪಾಸ್, ಸ್ಟಾಪ್ ದೊಡ್ಡದಾಗಿದ್ದು ಬೇರೆಯಾಗಿ ಕೈಗೆ ಸಿಗುವಂಥದ್ದನ್ನು ಆರಿಸಿ. ಪ್ಲೇಯರಿನ ಮುಖದ ಮೇಲೂ ಪ್ಲೇ ಮತ್ತು ಓಪನ್ ಗುಂಡಿಗಳಿರಲಿ. ನೂರು ರೂಪಾಯಿಯ ರಿಮೋಟ್ ಕೆಟ್ಟುಹೋದಾಗ ಅದೇ ಮಾದರಿಯದು ಮತ್ತೆ ಸಿಗದೆ, ಪ್ಲೇಯರ್ ಚೆನ್ನಾಗಿದ್ದರೂ ಮೂಲೆಗೆ ಸೇರಿದ್ದನ್ನು ನಾನು ಬಹಳ ನೋಡಿದ್ದೇನೆ.

ಹೊಸದು ಕೊಳ್ಳುವ ಮೊದಲು ಹಳೆಯ ಪ್ಲೇಯರನ್ನು ಒಮ್ಮೆ ಪರೀಕ್ಷಿಸಿ. ‘ನೋ ಡಿಸ್ಕ್’ ಎನ್ನುವ ಪ್ಲೇಯರ್ ಸತ್ತಿದೆ ಎಂದೇನಿಲ್ಲ. ಬೆಂಗಳೂರಿನ ಧೂಳು ನಿಮಗೆ ಗೊತ್ತೇ ಇದೆ. ಲೆನ್ಸಿನ ಮೇಲೆ ಒಂದು ತೆಳು ಪೊರೆ ಕೂತರೂ ಅದು ಡಿಸ್ಕನ್ನು ಗುರುತಿಸುವುದಿಲ್ಲ. ಪ್ಲಗ್ ಕಿತ್ತು, ಒಂದರ್ಧ ಗಂಟೆ ಹಾಗೇ ಬಿಟ್ಟು, ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಕಡಲೆಕಾಳಿಗಿಂತ ಚಿಕ್ಕದಾದ, ನೀಲಿಯಾಗಿ ಹೊಳೆಯುವ ಲೆನ್ಸ್ ಕಾಣುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಹಿಂಡಿದ ಇಯರ್‌ಬಡ್ಡಿನಿಂದ ತೀರಾ ಹಗುರವಾಗಿ ಒಂದೆರಡು ಸುತ್ತು ಒರೆಸಿ. ಲೆನ್ಸ್ ಕೂದಲೆಳೆಯಂಥ ತಂತಿಗಳ ಮೇಲೆ ತೂಗುತ್ತಿರುತ್ತದೆ. ಒತ್ತಿದರೆ ಕೆಲಸ ಕೆಟ್ಟಿತು. ಒಳಗಿನ ಪವರ್ ಬೋರ್ಡಿನ ಹತ್ತಿರ ಕೈ ಹಾಕಲೇಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಧೈರ್ಯವಿಲ್ಲದಿದ್ದರೆ ಮೆಕ್ಯಾನಿಕ್‌ಗೆ ಕೊಡಿ.

ಆಮೇಲೂ ಓದದಿದ್ದರೆ ಲಕ್ಷಣ ನೋಡಿ. ವಿಸಿಡಿ ಓಡುತ್ತದೆ, ಡಿವಿಡಿ ಓಡುವುದಿಲ್ಲ ಅಂದರೆ ಎರಡು ಲೇಸರುಗಳಲ್ಲಿ ಒಂದು ಸೊರಗಿದೆ, ಲೆನ್ಸ್ ಅಸೆಂಬ್ಲಿ ಬದಲಿಸಬೇಕು. ಅದು ಎಸ್‌ಪಿ ರೋಡಿನಲ್ಲಿ ಬಿಡಿಯಾಗಿ ಸಿಗುವ ಸಾಮಾನು. ಟ್ರೇ ಹೊರಗೆ ಬರದೆ ಒಳಗೇ ಮುಲುಗಿದರೆ ರಬ್ಬರ್ ಬೆಲ್ಟ್ ಸಡಿಲವಾಗಿದೆ, ಅತ್ಯಂತ ಅಗ್ಗದ ರಿಪೇರಿ. ಆನ್ ಮಾಡಿದರೆ ದೀಪ ಮಿಣಮಿಣ ಎಂದು ಆರಿದರೆ ಪವರ್ ಸಪ್ಲೈ ಕೆಪಾಸಿಟರ್ ಉಬ್ಬಿರುತ್ತದೆ, ಅದೂ ದೊಡ್ಡ ಖರ್ಚಿನದಲ್ಲ. ನಿಮ್ಮ ಹಳೆಯ ಪ್ಲೇಯರಿನಲ್ಲಿ ಎಚ್‌ಡಿಎಂಐ ಇದ್ದರೆ ರಿಪೇರಿ ಮಾಡಿಸುವುದೇ ಸರಿ. ಇಲ್ಲದಿದ್ದರೆ ರಿಪೇರಿ ಮತ್ತು ಕನ್ವರ್ಟರ್ ಎರಡೂ ಸೇರಿ ಹೊಸದರ ಅರ್ಧ ಬೆಲೆ ದಾಟಿದರೆ ಹೊಸದು ತನ್ನಿ.

ಟಿವಿಯ ಯುಎಸ್‌ಬಿಗೆ ಡಿವಿಡಿ ಡ್ರೈವ್ ಹಾಕುವ ಯೋಚನೆ ಬಿಟ್ಟುಬಿಡಿ. ಟಿವಿಯ ಯುಎಸ್‌ಬಿ ಪೋರ್ಟ್ ಪೆನ್‌ಡ್ರೈವ್ ಮತ್ತು ಹಾರ್ಡ್ ಡಿಸ್ಕಿನ ಫೈಲುಗಳನ್ನು ತೆರೆಯಲು ಇರುವುದು. ಡಿವಿಡಿಯ ಮೆನು, ಅಧ್ಯಾಯ, ನಕಲು ತಡೆಯುವ ಬೀಗ, ಇವನ್ನೆಲ್ಲ ನಿಭಾಯಿಸುವ ತಂತ್ರಾಂಶ ಸಾಮಾನ್ಯವಾಗಿ ಟಿವಿಯಲ್ಲಿರುವುದಿಲ್ಲ. ಡ್ರೈವ್ ಸುತ್ತಲು ಬೇಕಾಗುವಷ್ಟು ಕರೆಂಟನ್ನೂ ಆ ಪೋರ್ಟ್ ಹಲವು ಬಾರಿ ಕೊಡುವುದಿಲ್ಲ. ಆದರೆ ಮನೆಯಲ್ಲಿ ಡಿವಿಡಿ ಡ್ರೈವ್ ಇರುವ ಹಳೇ ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಉಚಿತವಾಗಿ ಸಿಗುವ ವಿಎಲ್‌ಸಿ ಎಂಬ ವಿಡಿಯೋ ತಂತ್ರಾಂಶ ಹಾಕಿ, ಎಚ್‌ಡಿಎಂಐಯಿಂದ ಟಿವಿಗೆ ಜೋಡಿಸಿ. ವಿಸಿಡಿ, ಡಿವಿಡಿ ಎರಡೂ ಓಡುತ್ತವೆ. ಅಮ್ಮನಿಗೆ ಇದು ಹೊಂದುವುದಿಲ್ಲ, ನಿಮಗೆ ಮಾತ್ರ ಮುಂದೆ ಹೇಳುವ ಕೆಲಸಕ್ಕೆ ಬೇಕಾಗುತ್ತದೆ.

ಪ್ಲೇಯರ್ ಮನೆಗೆ ಬಂದ ದಿನವೇ ಸೆಟಪ್ ಮೆನುವಿಗೆ ಹೋಗಿ ಒಂದೆರಡು ಬದಲಾವಣೆ ಮಾಡಿ. ಟಿವಿ ಮಾದರಿಯನ್ನು 16:9 ಮಾಡಿ. ಹಳೆಯ ಸಿನಿಮಾಗಳ ಚೌಕಟ್ಟು ಹೆಚ್ಚುಕಡಿಮೆ 4:3ರದ್ದು. ಅಗಲದ ಪರದೆಗೆ ಎಳೆದಾಗ ಎಲ್ಲರ ಮುಖವೂ ದುಂಡಗೆ ಊದಿಕೊಂಡು ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಹಾಗೇ ನೋಡುತ್ತಾರೆ, ನನಗೆ ತುಂಬಾ ಬೇಸರವಾಗುತ್ತದೆ. ಛಾಯಾಗ್ರಾಹಕರು ಅಷ್ಟು ಎಚ್ಚರದಿಂದ ಚೌಕಟ್ಟು ಕಟ್ಟಿದ ರಾಜ್‌ಕುಮಾರ್ ಮುಖವನ್ನು ಹಿಗ್ಗಿಸಿ ನೋಡುವುದು ಅನ್ಯಾಯ. ಪ್ಲೇಯರಿನಲ್ಲಿ ‘ವೈಡ್ ಸ್ಕ್ವೀಜ್’ ಎಂಬ ಆಯ್ಕೆ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಟಿವಿಯ ಚಿತ್ರದ ಅಳತೆಯನ್ನು 4:3 ಮಾಡಿ. ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಬರಬೇಕಾದದ್ದೇ ಹಾಗೆ. ಚಿತ್ರ ಬಂದು ಶಬ್ದ ಬರದಿದ್ದರೆ ಪ್ಲೇಯರಿನ ಆಡಿಯೋ ಆಯ್ಕೆಯನ್ನು ‘ಪಿಸಿಎಂ’ಗೆ ಬದಲಿಸಿ, ಹೆಚ್ಚಿನಂಶ ಅಲ್ಲಿಗೆ ಸರಿಹೋಗುತ್ತದೆ. ಹಾಡು ಜೋರಾಗಿ, ಮಾತು ಪಿಸುಗುಟ್ಟಿದಂತೆ ಕೇಳಿದರೆ ‘ಡೈನಮಿಕ್ ರೇಂಜ್’ ಅಥವಾ ‘ನೈಟ್ ಮೋಡ್’ ಹುಡುಕಿ ಆನ್ ಮಾಡಿ. ವಯಸ್ಸಾದವರ ಕಿವಿಗೆ ಇದರಿಂದ ತುಂಬಾ ಅನುಕೂಲ. ವಿಸಿಡಿ ಹಾಕಿದಾಗ ಮೆನುವಿನಲ್ಲೇ ಸಿಕ್ಕಿಕೊಂಡರೆ ರಿಮೋಟಿನಲ್ಲಿ ‘ಪಿಬಿಸಿ’ ಗುಂಡಿ ಒತ್ತಿ ಆಫ್ ಮಾಡಿ, ನೇರವಾಗಿ ಸಿನಿಮಾ ಶುರುವಾಗುತ್ತದೆ.

ಡಿಸ್ಕ್ ಒರೆಸುವಾಗ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರ ಗೆರೆಯಲ್ಲಿ ಒರೆಸಿ, ದುಂಡಗೆ ತಿರುಗಿಸಬೇಡಿ. ಮಾಹಿತಿ ಸುತ್ತುಸುತ್ತಾಗಿ ಬರೆದಿರುವುದರಿಂದ ಅದೇ ಸುತ್ತಿನ ಜೊತೆ ಬಿದ್ದ ಗೀರು ಹೆಚ್ಚು ಹಾಳು ಮಾಡುತ್ತದೆ. ವಿಸಿಡಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಅದರ ಮಾಹಿತಿಯ ಪದರ ಇರುವುದು ಚಿತ್ರ ಮುದ್ರಿಸಿದ ಮೇಲ್ಭಾಗದ ಕೆಳಗೇ. ಆ ಕಡೆ ಉಗುರಿನಿಂದ ಗೀರಿದರೂ ಸರಿಪಡಿಸಲಾಗದು. ಡಿವಿಡಿ 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು ಅಂಟಿಸಿ ಮಾಡಿದ್ದಾದ್ದರಿಂದ ಮಾಹಿತಿ ನಡುವೆ ಭದ್ರವಾಗಿರುತ್ತದೆ.

ಈಗ ಎತ್ತಿಟ್ಟ ಮೂರನೇ ಗುಡ್ಡೆ. ಮದುವೆ, ನಾಮಕರಣ, ಊರಿನ ಸ್ಟುಡಿಯೋದವರು ರೆಕಾರ್ಡ್ ಮಾಡಿಕೊಟ್ಟ ಯಕ್ಷಗಾನ. ಪ್ಲೇಯರ್ ತರುವುದಕ್ಕಿಂತ ಇದು ತುರ್ತಿನ ಕೆಲಸ. ಅಚ್ಚು ಹಾಕಿದ ಡಿಸ್ಕಿನಲ್ಲಿ ಮಾಹಿತಿ ಸಣ್ಣ ಕುಳಿಗಳ ರೂಪದಲ್ಲಿ ಒತ್ತಿರುತ್ತದೆ, ಸುಲಭಕ್ಕೆ ಹೋಗುವುದಿಲ್ಲ. ರೈಟ್ ಮಾಡಿದ ಡಿಸ್ಕಿನಲ್ಲಿ ಅದು ಒಂದು ಬಣ್ಣದ ಪದರದ ಮೇಲೆ ಲೇಸರಿನಿಂದ ಸುಟ್ಟ ಗುರುತು ಅಷ್ಟೆ. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಕ್ರಮೇಣ ಮಾಸುತ್ತದೆ. ಹೊರಗೆ ನೋಡಿದರೆ ಡಿಸ್ಕ್ ಹೊಸದರಂತೇ ಇರುತ್ತದೆ, ಹಾಕಿದರೆ ಮುಹೂರ್ತದ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತದೆ. ಮೇಲೆ ದಂಪತಿಗಳ ಫೋಟೋ ಸ್ಟಿಕ್ಕರ್ ಅಂಟಿಸಿದ್ದರೆ ಅದನ್ನು ಕೀಳಲು ಹೋಗಬೇಡಿ, ಪದರವೇ ಕಿತ್ತುಬರಬಹುದು.

ಇವು ನಿಮ್ಮದೇ ಡಿಸ್ಕ್‌ಗಳು, ಇವುಗಳಲ್ಲಿ ಸಿನಿಮಾ ಡಿವಿಡಿಗಳಲ್ಲಿರುವ ನಕಲು ಬೀಗ ಇರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ತೆರೆದರೆ ‘ವಿಡಿಯೋ ಟಿಎಸ್’ ಎಂಬ ಫೋಲ್ಡರ್ ಕಾಣುತ್ತದೆ, ಅದನ್ನು ಇಡಿಯಾಗಿ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಒಂದು ಪದರದ ಡಿಸ್ಕ್ ಹಿಡಿಸುವುದೇ 4.7 ಜಿಬಿ, ಇಪ್ಪತ್ತು ಡಿಸ್ಕ್ ಇದ್ದರೂ ನೂರು ಜಿಬಿ ದಾಟುವುದಿಲ್ಲ. ಒಂದು ಪ್ರತಿ ನಿಮ್ಮ ಮನೆಯಲ್ಲಿ, ಇನ್ನೊಂದು ತಮ್ಮನ ಮನೆಯಲ್ಲಿ ಇರಲಿ. ಎಲ್ಲಾದರೂ ಕಾಪಿ ನಿಂತರೆ ಡಿಸ್ಕ್ ಒರೆಸಿ ಬೇರೊಂದು ಕಂಪ್ಯೂಟರಿನ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದಲಾರದ್ದನ್ನು ಮತ್ತೊಂದು ಓದುವುದು ಬಹಳ ಸಾಮಾನ್ಯ. ಹ್ಯಾಂಡಿಕ್ಯಾಮಿನ ಅಂಗೈಯಗಲದ ಪುಟ್ಟ ಡಿಸ್ಕ್ ಏನಾದರೂ ಇದ್ದರೆ ಟ್ರೇಯ ನಡುವಿನ ಸಣ್ಣ ವೃತ್ತದಲ್ಲಿ ಕೂರಿಸಿ. ಸೀಳಿನೊಳಗೆ ತಳ್ಳುವ ಮಾದರಿಯ ಡ್ರೈವಿಗೆ ಅದನ್ನು ಎಂದೂ ಹಾಕಬೇಡಿ, ಒಳಗೇ ಸಿಕ್ಕಿಕೊಳ್ಳುತ್ತದೆ.

ಕಾಪಿ ಮಾಡಿದ ಫೋಲ್ಡರಿನ ಫೈಲುಗಳನ್ನು ಅನೇಕ ಟಿವಿಗಳು ಪೆನ್‌ಡ್ರೈವಿನಿಂದ ನೇರವಾಗಿ ಓಡಿಸುತ್ತವೆ. ಓಡಿಸದಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಂಪಿ4 ಮಾಡಿಕೊಳ್ಳಿ, ಮೂಲ ಫೋಲ್ಡರನ್ನು ಮಾತ್ರ ಅಳಿಸಬೇಡಿ. ಪ್ಲೇಯರಿನ ಯುಎಸ್‌ಬಿಯಲ್ಲಿ ಈ ಎಂಪಿ4 ಓಡುತ್ತದೆಂದು ನಂಬಿಕೊಳ್ಳಬೇಡಿ. ಸಾಮಾನ್ಯ ಡಿವಿಡಿ ಪ್ಲೇಯರುಗಳಿಗೆ ಹಳೇ ಕಾಲದ ಎವಿಐ ಫೈಲ್, ಎಂಪಿ3 ಹಾಡು, ಫೋಟೋ ಅಷ್ಟೇ ಬರುತ್ತವೆ, ಅದೂ ಪೆನ್‌ಡ್ರೈವನ್ನು ‘ಫ್ಯಾಟ್32’ ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಮಾತ್ರ. ಪ್ರತಿ ಫೋಲ್ಡರಿಗೂ ಯಾರ ಕಾರ್ಯಕ್ರಮ, ಯಾವ ಊರು, ಯಾವ ವರ್ಷ ಎಂದು ಹೆಸರಿಡಿ. ಯಕ್ಷಗಾನದ ಡಿಸ್ಕ್‌ಗಳ ಕವರಿನ ಎರಡೂ ಬದಿಯ ಫೋಟೋ ತೆಗೆದು ಅದೇ ಫೋಲ್ಡರಿಗೆ ಹಾಕಿ. ಭಾಗವತರು ಯಾರು, ವೇಷಧಾರಿಗಳು ಯಾರು ಎಂಬುದು ಬಹುತೇಕ ಆ ಕವರಿನ ಮೇಲಷ್ಟೇ ಇರುತ್ತದೆ. ಕವರಿಲ್ಲದ ಡಿಸ್ಕ್‌ಗಳಿದ್ದರೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರುಗಳನ್ನು ಕೇಳಿ ಬರೆದುಕೊಳ್ಳಿ.